ಯಾರ್ಕ್‌ನಲ್ಲಿ ನೋಡಬೇಕಾದ ಹತ್ತು ಜಾಗ

ಮಾರ್ಚ್ 23, ಸೋಮವಾರ. ಸಂಜೆ 7

ಮತ್ತೆ ಅದೇ ನಮೂನೆಯ ಹೋಟೆಲ್ ರೂಮು. ಕೆಟಲ್, ಎರಡು ಬಿಸ್ಕತ್ತು, ತೆಗೆಯಲು ಬಾರದ ಕಿಟಕಿ. ಶೂ ಕಚ್ಚಿದೆ.

ಮೇಜಿನ ಮೇಲೆ ‘ಯಾರ್ಕ್‌ನಲ್ಲಿ ನೋಡಬೇಕಾದ ಹತ್ತು ಜಾಗ’ ಎಂಬ ಮಡಿಸಿದ ಹಾಳೆ. ನಮ್ಮ ಕಂಪನಿಯದೇ. ಇದನ್ನು ತಯಾರಿಸುವ ಶಾಖೆಯನ್ನು ಮುಚ್ಚಲಿಕ್ಕೇ ಲೆಸ್ಟರ್‌ನ ಹೆಡ್ ಆಫೀಸಿನಿಂದ ನನ್ನನ್ನು ಕಳಿಸಿರುವುದು. ಇಲ್ಲಿನ ಆರು ಜನಕ್ಕೆ ಗೊತ್ತಿಲ್ಲ. ಹೆಡ್ ಆಫೀಸಿನವಳು ಸುಮ್ಮನೆ ಕೆಲಸ ನೋಡಲು ಬಂದಿದ್ದಾಳೆ ಅಂದುಕೊಂಡಿದ್ದಾರೆ. ಶುಕ್ರವಾರ ಹತ್ತು ಗಂಟೆಗೆ ಹೇಳಬೇಕು. ಅದಕ್ಕೆ ಮುಂಚೆ ಬಾಯಿಬಿಟ್ಟರೆ ನನ್ನ ಕೆಲಸಕ್ಕೂ ಕುತ್ತು — ಮೇಲಿನವರು ಎರಡೆರಡು ಸಲ ಎಚ್ಚರಿಸಿದ್ದಾರೆ.

ಅತಿಥಿಗಳ ಮಗ್‌ನಲ್ಲಿ ಏಳು ಸಲ ಟೀ ಕೊಟ್ಟರು. ಅವರವರ ಮಗ್‌ಗಳು ಗೋಡೆಯ ಕೊಕ್ಕೆಗಳಲ್ಲಿ ನೇತಾಡುತ್ತವೆ. ನೋಡಲಾಗಲಿಲ್ಲ.

ಮಾರ್ಚ್ 24, ಮಂಗಳವಾರ. ರಾತ್ರಿ 8

ಹಾಳೆ ಬರೆಯುವವರು ನಾರ್ಮನ್ ಗಾರ್ಸೈಡ್. ಐವತ್ತೆಂಟು ವಯಸ್ಸು, ಹತ್ತೊಂಬತ್ತು ವರ್ಷದ ಸರ್ವಿಸ್. ಪ್ರತಿ ವಸಂತದಲ್ಲೂ ಊರ ಸುತ್ತಲಿನ ಕೋಟೆ ಗೋಡೆಯ ಮೇಲೆ ಪೂರ್ತಿ ಸುತ್ತು ನಡೆದು, ಯಾವ ಮೆಟ್ಟಿಲು ಸವೆದಿದೆ, ಯಾವ ಬೆಂಚು ಮುರಿದಿದೆ ಎಂದು ಬರೆದುಕೊಳ್ಳುತ್ತಾರಂತೆ. “ನಮ್ ನಾರ್ಮನ್‌ಗೆ ಮದ್ವೆ ಯಾಕೆ? ಆ ಗೋಡೆನೇ ಹೆಂಡ್ತಿ,” ಅಂದಳು ಟೈಪಿಸುವ ಡೋರೀನ್. ಅವರು ನಕ್ಕು ಅವಳ ಮಗ್ ತೊಳೆಯಲು ಹೋದರು.

ಕೆಲಸ ಮುಗಿದ ಮೇಲೆ ನಾರ್ಮನ್ ನನ್ನನ್ನು ಇಲ್ಲಿನ ದೊಡ್ಡ ಚರ್ಚು ಮಿನ್‌ಸ್ಟರ್‌ಗೆ ಕರೆದುಕೊಂಡು ಹೋದರು. ಸಂಜೆಯ ಪ್ರಾರ್ಥನೆ. ಚರ್ಚಿಗೆ ಹೋಗುವವಳಲ್ಲ ನಾನು. ಮಕ್ಕಳು ಹಾಡಿದರು... ಅಳು ಬಂತು. ನೆಗಡಿ ಅಂದೆ.

ಹೊರಗೆ ಬಂದಾಗ ಏನಾದರೂ ಹೇಳಲೇಬೇಕಿತ್ತು. ಮನಸ್ಸು ಚುಚ್ಚುತ್ತಿದ್ದರೆ ನಮ್ಮ ಇಂಗ್ಲಿಷ್ ಜನ ಹೊಗಳಲು ಶುರುಮಾಡುತ್ತಾರೆ. ಹೊಗಳಿದೆ.

“ನಿಮ್ಮ ಹಾಳೆ ಇಲ್ದಿದ್ರೆ ನಾನು ಈ ಬಾಗಿಲೇ ದಾಟ್ತಿರಲಿಲ್ಲ, ನಾರ್ಮನ್. ಇದನ್ನ ಯಾವತ್ತೂ ನಿಲ್ಲಿಸ್ಬೇಡಿ.”

ಅವರ ಕಿವಿ ಕೆಂಪಾಯಿತು. ನನಗೆ ನನ್ನ ಮೇಲೇ ಹೇಸಿಗೆ.

ಮಾರ್ಚ್ 25, ಬುಧವಾರ. ಮಧ್ಯಾಹ್ನ 2

ಊಟದ ಹೊತ್ತಲ್ಲಿ ನಾರ್ಮನ್ ಜೊತೆ ಗೋಡೆಯ ಮೇಲೆ ನಡೆದೆ. ಕೆಳಗಿನ ಇಳಿಜಾರಿನ ತುಂಬ ಡ್ಯಾಫಡಿಲ್ ಹೂ. ಒಂದು ಬೆಂಚಿನ ಮೇಲೆ ಕೂತು ತಮ್ಮ ಚೀಸ್ ಸ್ಯಾಂಡ್‌ವಿಚ್‌ನಲ್ಲಿ ಅರ್ಧ ಕೊಟ್ಟರು. ಆಮೇಲೆ ತಾವಾಗಿಯೇ ಹೇಳಿದರು — ಮ್ಯೂಸಿಯಂ ಒಂದರಲ್ಲಿ ಗೈಡ್ ಕೆಲಸಕ್ಕೆ ಕರೆದಿದ್ದಾರೆ. ನಾಳೆ ಮಧ್ಯಾಹ್ನದೊಳಗೆ ಉತ್ತರ ಕೊಡಬೇಕು. ಹೋಗುವ ಮನಸ್ಸಿಲ್ಲ, ಹಾಳೆಯನ್ನು ಯಾರು ನೋಡಿಕೊಳ್ಳುತ್ತಾರೆ?

ಒಪ್ಪಿಕೊಳ್ಳಿ ಅನ್ನಬೇಕಿತ್ತು. ಒಂದೇ ಪದ. ಅದರ ಬದಲು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, “ಅದೂ ಅಷ್ಟೇನೂ ಕೆಟ್ಟ ಕೆಲಸ ಅಲ್ವೇನೋ... ಯೋಚ್ನೆ ಮಾಡ್ಬಹುದೇನೋ,” ಅಂದೆ.

“ನಿಮ್ದು ಒಳ್ಳೇ ಮನಸ್ಸು ರೋಸ್ಲಿನ್,” ಅಂದರು.

ಆಮೇಲೆ ಹವಾಮಾನದ ಬಗ್ಗೆ ಮಾತಾಡಿದೆವು. ಸಂಜೆಗೆ ಮಳೆ ಬರಬಹುದು, ಬಾರದೆಯೂ ಇರಬಹುದು. ಎಂಥ ಹೇಡಿ ನಾನು.

ಮಾರ್ಚ್ 26, ಗುರುವಾರ. ಬೆಳಿಗ್ಗೆ 6

ನಿದ್ದೆಯಿಲ್ಲ. ಹೇಳಿಬಿಡುತ್ತೇನೆ. ನನ್ನ ಕೆಲಸ ಹೋದರೆ ಹೋಗಲಿ. ಎಂಟು ಗಂಟೆಗೆ ಆಫೀಸಿನಲ್ಲಿ ನಾರ್ಮನ್ ಒಬ್ಬರೇ ಇರುತ್ತಾರೆ. ಮಧ್ಯಾಹ್ನಕ್ಕೆ ಇನ್ನೂ ನಾಲ್ಕು ಗಂಟೆ ಸಮಯ ಇರುತ್ತದೆ. ಸಾಕು.

ಮಾರ್ಚ್ 27, ಶುಕ್ರವಾರ. ಬೆಳಿಗ್ಗೆ 9.40. ಆಫೀಸು

ನಿನ್ನೆ ಆಮೇಲೆ ಏನೂ ಬರೆಯಲಾಗಲಿಲ್ಲ.

ಎಂಟಕ್ಕೆ ಹೋದಾಗ ನಾರ್ಮನ್ ಸ್ಟೂಲಿನ ಮೇಲೆ ನಿಂತು ಗೋಡೆಗೆ ಹೊಸ ಕೊಕ್ಕೆ ಬಡಿಯುತ್ತಿದ್ದರು. ಏಳನೆಯದು. ಕೆಳಗೆ ನೀಲಿ ಮಗ್. ಅದರ ಮೇಲೆ ಅವರದೇ ಅಕ್ಷರದಲ್ಲಿ ನನ್ನ ಹೆಸರು.

ಬಾಗಿಲು ಮುಚ್ಚಿದೆ. ಮ್ಯೂಸಿಯಂ ಕೆಲಸ ಒಪ್ಪಿಕೊಳ್ಳಿ, ಈಗಲೇ ಫೋನ್ ಮಾಡಿ ಅಂದೆ. ಇಷ್ಟು ನೇರವಾಗಿ ಜೀವನದಲ್ಲಿ ಯಾರಿಗೂ ಹೇಳಿರಲಿಲ್ಲ.

“ಅಯ್ಯೋ, ಮೊನ್ನೆ ರಾತ್ರಿನೇ ಮನಸ್ಸು ಗಟ್ಟಿ ಮಾಡ್ಕೊಂಡಿದ್ದೆ. ನಿನ್ನೆ ಸಂಜೆ ಬೇಡ ಅಂದ್ಬಿಟ್ಟೆ. ಆ ಕೆಲ್ಸ ಸೆಲ್ಬಿ ಊರಿನ ಒಬ್ಬ ಹೆಂಗಸಿಗೆ ಕೊಟ್ರಂತೆ, ಪಾಪ, ಖುಷಿಯಿಂದ ಅತ್ತೇಬಿಟ್ಲಂತೆ.” ಸುತ್ತಿಗೆ ಕೆಳಗಿಟ್ಟರು. “ಹೆಡ್ ಆಫೀಸಿನೋರೇ ಬಂದು ಚರ್ಚ್ ಮುಂದೆ ನಿಂತು ನಿಲ್ಲಿಸ್ಬೇಡಿ ಅಂದ್ಮೇಲೆ ನಂಗಿನ್ನೇನು ಬೇಕು?”

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಶಾಖೆ ಮುಚ್ಚುವ ಮಾತನ್ನು ಹೇಳಲಿಲ್ಲ. ಆ ಮಗ್‌ನಲ್ಲೇ ಟೀ ಕುಡಿದೆ. ಚೆನ್ನಾಗಿದೆ ಅಂದೆ.

9.50. ಪಕ್ಕದ ರೂಮಿನಲ್ಲಿ ಡೋರೀನ್ ಕುರ್ಚಿ ಎಳೆಯುತ್ತಿದ್ದಾಳೆ. ಹೆಡ್ ಆಫೀಸಿನವರು ಶಾಭಾಸ್‌ಗಿರಿ ಕೊಡಲು ಕರೆದಿದ್ದಾರೆ ಎಂದು ಕೇಕ್ ತಂದಿದ್ದಾಳೆ. ನಾರ್ಮನ್ ಆದರೂ ಇದನ್ನು ಎಲ್ಲರ ಜೊತೆ ಕೂತು ಕೇಳಬಾರದು. ನಾನೇ, ಮೊದಲು, ಅವರೊಬ್ಬರಿಗೇ ಹೇಳಬೇಕು.

ನಾರ್ಮನ್ ಬಂದರು. ಒಂದು ಕೈಯಲ್ಲಿ ನನ್ನ ಮಗ್, ಇನ್ನೊಂದರಲ್ಲಿ ಮುಂದಿನ ವರ್ಷದ ಹಾಳೆಯ ಕರಡು. ಹನ್ನೊಂದನೇ ಜಾಗ ಸೇರಿಸಿದ್ದಾರಂತೆ, ನಾವು ಸ್ಯಾಂಡ್‌ವಿಚ್ ತಿಂದ ಬೆಂಚು. ಕೂತುಕೊಳ್ಳಿ ಅಂದೆ. ನಗುತ್ತಲೇ ಕೂತರು. ಪೆನ್ನು ಕೆಳಗಿಟ್ಟು ಈಗ ಹೇಳುತ್ತೇನೆ.