ಅಪ್ಪನ ತೊದಲು ಮಾತು

ಸಿಗ್ನೆಟ್, ಟಾಸ್ಮೇನಿಯ
ಜುಲೈ 9, 1995

ಪ್ರೀತಿಯ ಗ್ವೆಂಡಾ,

ಹೇಗಿದ್ದೀಯಮ್ಮಾ? ಬೆನ್ನುನೋವು ಕಡಿಮೆಯಾಯಿತೆ? ಪುಟ್ಟ ಟೋಬಿ ನಿನಗೆ ನಿದ್ದೆ ಮಾಡಲು ಬಿಡುತ್ತಾನೋ ಇಲ್ಲವೋ? ಮೆಲ್ಬರ್ನ್‌ನಲ್ಲೂ ಚಳಿಯಂತೆ, ಅವನ ಕಿವಿ ಮುಚ್ಚಿರು. ಇಲ್ಲಿ ಸೇಬಿನ ಮರ ಸವರುವ ಕೆಲಸ ಅರ್ಧಕ್ಕೇ ನಿಂತಿದೆ. ನಿನ್ನಪ್ಪನಿಗೆ ಏಣಿ ಹತ್ತಲು ಆಗುತ್ತಿಲ್ಲ. ಅವನ ವಿಷಯ ಬರೆದರೆ ಪತ್ರ ಹರಿದು ಹಾಕುತ್ತೇನೆ ಎಂದು ನೀನು ಹೇಳಿದ್ದೆ. ಹರಿಯುವುದಾದರೆ ಓದಿಯಾದ ಮೇಲೆ ಹರಿ.

ಟೋಬಿಯ ದೀಕ್ಷಾಸ್ನಾನದ ದಿನ ಚರ್ಚಿನಲ್ಲಿ ಅಪ್ಪ ತೂರಾಡಿದ್ದು, ನಾಲಿಗೆ ದಪ್ಪವಾಗಿ ತೊದಲಿದ್ದು, ಮುಖ ಊದಿಕೊಂಡಿದ್ದು ಎಲ್ಲರ ಕಣ್ಣಿಗೂ ಬಿತ್ತು. ನೀನು ಮಗುವನ್ನು ಅವನ ಕೈಯಿಂದ ಕಿತ್ತುಕೊಂಡೆ. "ಕುಡಿಯಲ್ಲ ಅಂತ ನನ್ನ ಮದುವೇಲಿ ನೀನು ಮಾತು ಕೊಟ್ಟಿದ್ದೆ. ಇನ್ನು ನನ್ನ ಮಗೂನ ಮುಟ್ಬೇಡ" ಅಂದೆ. ಆಮೇಲೆ ರಕ್ತಪರೀಕ್ಷೆಯಲ್ಲಿ ಲಿವರ್ ಕೆಟ್ಟಿದೆ ಎಂದು ಬಂದ ಮೇಲಂತೂ ಊರಿಗೆಲ್ಲ ಖಾತ್ರಿಯಾಯಿತು. ಪಬ್ಬಿನಲ್ಲಿ ಗೆಳೆಯರು ಅಪ್ಪನನ್ನು "ಏನಪ್ಪಾ ಲೆಸ್, ನಿಂಬೆ ಶರಬತ್ತಿಗೇ ಅಮಲೇರ್ತದಾ ನಿಂಗೆ?" ಎಂದು ಕಿಚಾಯಿಸಿದರು. ಇವನು ಅಲ್ಲಿಗೆ ಹೋಗುವುದನ್ನೇ ಬಿಟ್ಟ. ಎರಡು ಕೋಟು ಹಾಕಿಕೊಂಡು ಒಲೆಯ ಮುಂದೆ ನಡುಗುತ್ತಾ ಕೂತಿರುತ್ತಾನೆ.

ಹೊಸದಾಗಿ ಬಂದ ಡಾಕ್ಟರ್ ಪಾಸ್ಕೋ ಅವನ ಕುತ್ತಿಗೆ ಮುಟ್ಟಿ ನೋಡಿ ಇನ್ನೊಂದು ರಕ್ತಪರೀಕ್ಷೆ ಮಾಡಿಸಿದರು. ಥೈರಾಯ್ಡ್ ಗ್ರಂಥಿ ಹೆಚ್ಚುಕಡಿಮೆ ಕೆಲಸವನ್ನೇ ನಿಲ್ಲಿಸಿದೆಯಂತೆ. "ಒಲೆಗೆ ಗಾಳಿ ಬಿಡದಿದ್ರೆ ಸೌದೆ ಸರಿಯಾಗಿ ಉರಿಯಲ್ಲ, ಮಸಿ ಕಟ್ಕೊಳ್ಳತ್ತಲ್ಲ, ಹಾಗೇ ಇದೂ, ಏವಿಸ್. ಥೈರಾಯ್ಡ್ ಮಂದ ಆದ್ರೆ ಲಿವರ್ ಕೊಬ್ಬು ಕರಗಿಸಲ್ಲ, ರಕ್ತದಲ್ಲಿರೋ ಕೊಲೆಸ್ಟ್ರಾಲೂ ಎಳ್ಕೊಳ್ಳಲ್ಲ. ಕೊಬ್ಬೆಲ್ಲ ಅಲ್ಲೇ ಕೂರತ್ತೆ" ಎಂದು ನನಗೆ ಹೇಳಿದರು. ತೊದಲು, ತೂರಾಟ, ಊತ ಎಲ್ಲವೂ ಆ ಕಾಯಿಲೆಯದೇ. ಅವನು ಒಂದು ಗುಟುಕೂ ಕುಡಿದಿರಲಿಲ್ಲ, ಗ್ವೆಂಡಾ. ಮಾತ್ರೆ ಶುರುವಾಗಿದೆ. ಹೃದಯವೂ ಸೋತಿರುವುದರಿಂದ ಚೂರುಚೂರೇ ಕೊಡಬೇಕಂತೆ. ತಡೆದುಕೊಳ್ಳುತ್ತಾನೋ ಇಲ್ಲವೋ ಎಂದು ನನಗೆ ಭಯ.

ಅಳಿಯನನ್ನು ಕೇಳಿದೆನೆಂದು ಹೇಳು. ಟೋಬಿಯ ಎರಡು ಕೆನ್ನೆಗೂ ಅಜ್ಜಿಯ ಮುತ್ತು. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಮ್ಮ,
ಏವಿಸ್

ಇನ್ನೊಂದು ಮಾತು: ಇದನ್ನು ಬರೆದದ್ದು ಅಪ್ಪನಿಗೆ ಗೊತ್ತಿಲ್ಲ. "ಹೇಳ್ಬೇಡ ಕಣೇ, ಅವಳು ತನ್ನನ್ನೇ ಬೈಕೊಂಡು ಅಳ್ತಾಳೆ. ಕುಡುಕ ಅಂತಾನೇ ಅಂದ್ಕೊಂಡಿರ್ಲಿ" ಎಂದ. ನೀನು ಬಂದಾಗ ಕ್ಷಮೆ ಗಿಮೆ ಕೇಳಬೇಡ. ಅವನ ಕೈಯಲ್ಲಿ ಇನ್ನೂ ಬಲವಿಲ್ಲ, ಮೊದಲು ಅವನನ್ನು ಕುರ್ಚಿಯಲ್ಲಿ ಕೂರಿಸು. ಆಮೇಲೆ ಟೋಬಿಯನ್ನು ಅವನ ತೊಡೆಯ ಮೇಲೆ ಹಾಕಿಬಿಡು. ಬೇಗ ಬಾ.