ಬುಕ್ಕಿಲ್ಲದ ಗಾಡಿ

ಧೂಳಪ್ಪಾ,

ನೀನು ಸತ್ತು ಎರಡು ವರ್ಷವಾದ ಮೇಲೆ, ನಿನ್ನ ಸಲುವಾಗಿ ಇವತ್ತು ಇಬ್ರಾಹಿಂಪುರದಲ್ಲಿ ಜಗಳ ಮಾಡಿಬಂದೆ.

ಹಳೇ ಗಾಡಿ ಮಾರುವವನ ಅಂಗಳದಲ್ಲಿ ನಮ್ಮ ಪಿಕಪ್ ನಿಂತಿತ್ತು. ನಾವಿಬ್ಬರೂ ಕೂಡಿ ಹೊನವಾಡದ ದ್ರಾಕ್ಷಿ ಸಾಗಿಸುತ್ತಿದ್ದ ಅದೇ ಗಾಡಿ. ಹಿಂದೆ ನೀನು ಬರೆಸಿದ ‘ಸಾವಕಾಶ ಬಾ ಮಾವಾ’ ಇನ್ನೂ ಅಳಿಸಿಲ್ಲ. ಕಾಗದಪತ್ರ ಕೇಳಿದೆ.

“ಆರ್‌ಸಿ ಬುಕ್ ಇಲ್ರಿ ಕಾಕಾ. ಮೊದಲಿನ ಮಾಲಕ ಕೊಡದ ಮಾರ್‍ಯಾನ. ಯಾವನೋ ಕಳ್ ಬಾಡ್ಯಾ ಇರಬೇಕು.”

ಮೈಯೆಲ್ಲ ಉರಿಯಿತು. “ಲೇ, ಬಾಯಿ ಬಿಗಿಹಿಡಿ! ಅಂವಾ ಒಬ್ಬರ ತ್ವಾಟದಾಗ ಬಿದ್ದ ಹಣ್ಣು ಸೈತ ಮುಟ್ಟಿದಾಂವ ಅಲ್ಲ!”

“ಹಂಗಾದ್ರ ಬುಕ್ ಎಲ್ಲಿ ಹೋತ್ರಿ? ಇಲಿ ತಿಂತೇನು?” ಎಂದು ನಕ್ಕ.

ಚೌಕಾಶಿ ಮಾಡದೆ ಗಾಡಿ ಕೊಂಡು ತಂದೆ.

ನಿನಗಾದರೂ ಬುದ್ಧಿ ಬೇಡವೇ? ಪಾಲು ಮುರಿದು ಗಾಡಿ ನಿನಗೆ ಬಂದಾಗ, ಬುಕ್ ಕೇಳಲು ತಿಕೋಟಾದ ನಮ್ಮ ಮನೆಗೆ ಬಂದಿದ್ದೆ. “ನನ್ನ ಹಂತ್ಯಾಕ ಇಲ್ಲ” ಎಂದು ನಾನು ಹೇಳಿದ್ದೇ ತಡ, ನೀನು ನಂಬಿ, ನೀರು ಕುಡಿದು ಎದ್ದು ಹೋದೆ. ಹಾಗೆ ಯಾರಾದರೂ ಹೋಗುತ್ತಾರೆಯೇ? ಬಾಗಿಲಲ್ಲಿ ನಿಂತು ಬೈಯಬೇಕಿತ್ತು. ಒಳಗೆ ನುಗ್ಗಿ ನನ್ನ ಟ್ರಂಕ್ ತೆಗೆಸಬೇಕಿತ್ತು.

ಇವತ್ತು ನಾನೇ ತೆಗೆದೆ. ಬುಕ್ ಹೊಸದರಂತೆಯೇ ಇದೆ, ಅದರಲ್ಲಿ ಇನ್ನೂ ನಿನ್ನ ಹೆಸರೇ ಇದೆ. ನನ್ನ ಹೆಸರಿಗೆ ಮಾಡಿಸಲು ಆರ್‌ಟಿಓ ಏಜೆಂಟನಿಗೆ ಫೋನ್ ಮಾಡಿ, ಬುಕ್ ಸಿಕ್ಕಿತು ಎಂದೆ.

“ಬುಕ್ ಒಂದ ತಂದ್ರ ನಡೆಯೂದಿಲ್ರಿ,” ಎಂದ. “ಮಾಲಕರನ್ನೂ ಕರಕೊಂಡ ಬರ್ರಿ.”

ಯಲ್ಲಾಲಿಂಗ