ದ್ಯಾಮಕ್ಕನ ಮನೆ ಮೇಲಿನ ಗುಂಡು

೧೪ ಆಗಸ್ಟ್ ೨೦೦೧, ಕೂಡ್ಲಿಗಿ

ಮತ್ತೆ ಗುಡೇಕೋಟೆ ಬಸ್ಸು, ಮತ್ತೆ ಗುಡ್ಡ. ಹೋದ ವಾರದ ಮಳೆಗೆ ಒಂದು ದೊಡ್ಡ ಕಲ್ಲುಗುಂಡು ಉರುಳಿ ಹೊಲಕ್ಕೆ ಬಿದ್ದಿದೆ. ಪಕ್ಕದ್ದು ಇನ್ನೂ ಅಲ್ಲೇ ಕೂತಿದೆ. ತೊಂಬತ್ತು ಟನ್ ಇರಬಹುದು. ಕೆಳಗೆ ನಾಲ್ಕು ಮನೆ. 'ಅಪಾಯವಿಲ್ಲ' ಎಂದು ಭೂವಿಜ್ಞಾನಿಯಾದ ನನ್ನ ಸಹಿ ಬೇಕಂತೆ ನಮ್ಮ ಕಚೇರಿಯ ಸಾಹೇಬರಿಗೆ. ಇಳಿಜಾರು ಅಳೆದೆ— ಇಪ್ಪತ್ತೆರಡು ಡಿಗ್ರಿ. ಕಲ್ಲಿನ ಮೇಲೆ ಕಲ್ಲು ಜಾರಲು ಮೂವತ್ತಾದರೂ ಬೇಕು. ಲೆಕ್ಕ ಸರಿ.

ಮೊದಲ ಮನೆ ದ್ಯಾಮಕ್ಕನದು. ಗಂಡ ಇಲ್ಲ, ಎರಡು ಎಮ್ಮೆ. ಮಜ್ಜಿಗೆ ಕೊಟ್ಟು ಕೇಳಿದಳು.

"ಮೆಹನಾಜವ್ವ, ಏನಂತೈತ್ರಿ ನಿಮ್ಮ ಲೆಕ್ಕ?"

"ಬೀಳಲ್ಲ ಅಂತೈತಿ."

"ಬಿತ್ತಲ್ರಿ ಒಂದು, ಅದಕ್ಕೂ ಇದ ಲೆಕ್ಕ ಅಲ್ಲೇನ್ರಿ?"

ಕಾಗದ ಮಡಚಿ ಚೀಲಕ್ಕಿಟ್ಟೆ. ಸಹಿ ಮಾಡಿಲ್ಲ.

೧೬ ಆಗಸ್ಟ್

ದ್ಯಾಮಕ್ಕ ಗಂಗಪ್ಪನನ್ನು ಕರೆಸಿದ್ದಳು. ನಲವತ್ತು ವರ್ಷ ಕಲ್ಲು ಒಡೆದವನು. ಬಂದವನೇ ಹೊಟ್ಟೆಯ ಮೇಲೆ ಮಲಗಿದ. ಗುಂಡಿನ ಅಡಿಗೆ ಭುಜದವರೆಗೂ ಕೈ ತೂರಿಸಿ, ಒಂದು ಹಿಡಿ ಒದ್ದೆ ಜೇಡಿ ತೆಗೆದು ನನ್ನ ಅಂಗೈಯಲ್ಲಿಟ್ಟ.

"ಇದು ಕಲ್ಲಿನ ಮ್ಯಾಲೆ ಕುಂತಿಲ್ರಿ. ಕಲ್ಲು ಕೊಳತು ಮಣ್ಣಾಗೈತಲ್ಲ, ಅದರ ಮ್ಯಾಲೆ ಕುಂತೈತಿ."

ನಾಚಿಕೆಯಾಯಿತು. ಮೂವತ್ತು ಡಿಗ್ರಿಯ ನಿಯಮ ತಪ್ಪಲ್ಲ, ನಾನು ಹಚ್ಚಿದ ಜಾಗ ತಪ್ಪು. ಒದ್ದೆ ಜೇಡಿಯಾದರೆ ಜಾರಲು ಹದಿನೈದು ಡಿಗ್ರಿಯೂ ಸಾಕು. ಆದರೆ ಒಳಗೆ ಎಷ್ಟು ಒದ್ದೆ, ಎಲ್ಲೆಲ್ಲಿ… ಯಾವ ಮೀಟರೂ ಹೇಳದು.

"ಹಂಗಾದ್ರ ಯಾವಾಗ ಬೀಳ್ತೈತಿ, ಗಂಗಪ್ಪ?"

"ಬೀಳೋದು ಕಲ್ಲಿನ ಧರ್ಮ. ಯಾವಾಗ ಅನ್ನೋದು ಯಾರ ಕೈಯಾಗೂ ಇಲ್ಲ. ದಾರಿ ಬಿಟ್ಟು ಕುಂದ್ರೋದು ನಮ್ಮ ಕೈಯಾಗೈತಿ."

೨೦ ಆಗಸ್ಟ್, ಸಂಜೆ ೫

ವರದಿ ಕಳಿಸಿದೆ. 'ದಿನ ಹೇಳಲಾಗದು. ಗುಂಡು ಅಲುಗಿದರೆ ನಾಲ್ಕು ಮನೆ ತಕ್ಷಣ ಖಾಲಿ ಮಾಡಿಸಬೇಕು.' ಸಾಹೇಬರ ಫೋನ್.

"ಬೀಳ್ತದೋ ಇಲ್ವೋ, ಒಂದು ಹೇಳಮ್ಮ."

"ಗೊತ್ತಿಲ್ಲ ಸರ್."

"ಗೊತ್ತಿಲ್ಲ ಅನ್ನೋಕೆ ನಿನಗೆ ಸಂಬಳಾನಾ?"

ವರದಿ ತಿದ್ದಲಿಲ್ಲ.

೨೩ ಆಗಸ್ಟ್

ಗುಂಡಿಗೂ ಪಕ್ಕದ ಅಲುಗದ ಬಂಡೆಗೂ ನಡುವೆ ಗಾಜಿನ ಪಟ್ಟಿಗಳನ್ನು ಸಿಮೆಂಟಿನಿಂದ ಅಂಟಿಸಿದೆವು. ಕೂದಲೆಳೆಯಷ್ಟು ಸರಿದರೂ ಗಾಜು ಒಡೆಯುತ್ತದೆ. ದಿನಾ ಬೆಳಿಗ್ಗೆ ನೋಡುವುದು ದ್ಯಾಮಕ್ಕನ ಕೆಲಸ. ಒಡೆದರೆ ಎಲ್ಲರೂ ಶಾಲೆಗೆ.

"ಎಮ್ಮಿ?"

"ಎಮ್ಮಿನೂ."

೨೭ ಸೆಪ್ಟೆಂಬರ್

ಮೂರು ದಿನದಿಂದ ಮಳೆ. ಬೆಳಿಗ್ಗೆ ಎಸ್‌ಟಿಡಿ ಬೂತಿನಿಂದ ದ್ಯಾಮಕ್ಕನ ಫೋನ್. "ಗಾಜು ಒಡದೈತ್ರವ್ವ. ಎಲ್ಲರೂ ಸಾಲ್ಯಾಗ ಅದೀವಿ." ಹಿಂದಿನಿಂದ ಎಮ್ಮೆಯ ಕೂಗು. ಅದನ್ನೂ ಬೂತಿಗೆ ಹೊಡೆದುಕೊಂಡು ಬಂದಿದ್ದಾಳೆ.

೨೮ ಸೆಪ್ಟೆಂಬರ್

ನಿನ್ನೆಯೇ ಬಂದು ಗುಡೇಕೋಟೆಯಲ್ಲೇ ಉಳಿದೆ. ಏನೂ ಆಗಲಿಲ್ಲ. ಜನ ಗೊಣಗುತ್ತಿದ್ದಾರೆ. ನಾನೇ ಹೆದರಿಸಿದೆನೇನೋ…

೨೯ ಸೆಪ್ಟೆಂಬರ್, ಮಧ್ಯಾಹ್ನ ೩

ಬೆಳಿಗ್ಗೆ ಬಿಸಿಲು ಬಂತು. ಮೂರು ಮನೆಯವರು ವಾಪಸ್ ಹೋಗಲು ಪಾತ್ರೆ ಕಟ್ಟಿದರು. ದ್ಯಾಮಕ್ಕ ಶಾಲೆಯ ಗೇಟಿಗೆ ಅಡ್ಡ ನಿಂತಳು. "ಮಳಿ ನಿಂತೈತಿ, ಮಣ್ಣು ಒಣಗಿಲ್ಲ. ಒಂದು ದಿನ ತಡೀರಿ." ಬೈದರು. ಕೂತರು.

ಹನ್ನೊಂದೂವರೆಗೆ ಗುಂಡು ಉರುಳಿತು. ನೆಲ ನಡುಗಿತು, ಆಮೇಲೆ ಕುಸಿದ ಗೋಡೆಗಳ ಧೂಳು. ದ್ಯಾಮಕ್ಕನ ಮನೆ ಇಲ್ಲ. ಪಕ್ಕದ ಮನೆಯ ಗೋಡೆ ಇಲ್ಲ. ಯಾರಿಗೂ ಏನೂ ಆಗಿಲ್ಲ. ಯಾರಿಗೂ. ಅವಳು ಅಳಲಿಲ್ಲ. ನಾನು ಅತ್ತೆ.

೧೧ ಅಕ್ಟೋಬರ್, ಗುಡೇಕೋಟೆ

ಶಾಲೆಯ ಹಿಂದೆ ಹೊಸ ಮನೆಗೆ ಜಾಗ ಮಂಜೂರಾಗಿದೆ. ಅಳತೆಗೆ ದ್ಯಾಮಕ್ಕ ನನ್ನನ್ನೇ ಕರೆಸಿದಳು.

"ಇಲ್ಲಿ ಏನೂ ಆಗಲ್ಲ ಅಂತ ಹೇಳ್ರಿ."

"ಹಂಗ ಹೇಳಾಕ ಬರಲ್ಲ ದ್ಯಾಮಕ್ಕ. ಮ್ಯಾಲೆ ಗುಂಡಿಲ್ಲ, ನೀರು ಹರಿಯೋ ದಾರಿ ಅಲ್ಲ. ಇಷ್ಟು ಗೊತ್ತು."

ಗುಡ್ಡವನ್ನೊಮ್ಮೆ ನೋಡಿದಳು.

"ಇಷ್ಟು ಗೊತ್ತಾದ್ರ ಒಂದು ಮನಿ ಕಟ್ಟಬಹುದು ಬಿಡ್ರಿ. ಬಾಗಿಲು ಗುಡ್ಡದ ಕಡಿ ಇಡ್ತೀನಿ. ದಿನಾ ನೋಡ್ಕೊಂತ ಇರ್ತೀನಿ."

ಹಗ್ಗದ ಒಂದು ತುದಿ ಅವಳು ಹಿಡಿದಳು, ಇನ್ನೊಂದು ನಾನು. ಪಾಯಕ್ಕೆ ಸುಣ್ಣದ ಗೆರೆ ಎಳೆದೆವು. ಗುದ್ದಲಿಯ ಮೊದಲ ಏಟು ಅವಳೇ ಹಾಕಿದಳು. ಮಣ್ಣು ಹದವಾಗಿತ್ತು. ಎರಡನೆಯದಕ್ಕೆ ಗುದ್ದಲಿಯನ್ನು ನನ್ನ ಕಡೆ ಚಾಚಿದಳು.